1909ಕ್ಕೆ ಕಳಿಸಿದ ‘ಬೇಡ’

2004ರ ಲೋಕಸಭಾ ಚುನಾವಣೆಗೆ ಮುಂಚೆ ದೇಶದ ಲಕ್ಷಾಂತರ ಫೋನುಗಳು ರಿಂಗಾದವು. ಎತ್ತಿದವರ ಕಿವಿಗೆ ಬಿದ್ದದ್ದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರ ದನಿ. ಮೊದಲೇ ಧ್ವನಿಮುದ್ರಿಸಿಟ್ಟ ಮಾತು ಅದು. ಈ ಕಡೆಯವರು ನಮಸ್ಕಾರ ಎಂದರೂ, ಬೇಡ ಎಂದರೂ ಆ ಕಡೆಗೆ ಕೇಳಿಸುವಂತಿರಲಿಲ್ಲ. ಪ್ರಧಾನಿಯೇ ಫೋನ್ ಮಾಡಿದ್ದರು ಎಂದು ಹೇಳಿಕೊಳ್ಳುವುದರಲ್ಲಿ ಆಗ ಒಂದಷ್ಟು ಸೋಜಿಗವಿತ್ತು. ಸಾಲ, ಸೈಟು, ವಿಮೆ ಮಾರುವ ಧ್ವನಿಮುದ್ರಿತ ಕರೆಗಳನ್ನು ದಿನವೂ ಕತ್ತರಿಸುವ ಇಂದಿನವರಿಗೆ ಆ ಸೋಜಿಗ ಅರ್ಥವಾಗುವುದು ಕಷ್ಟ.

ಅಂಥ ಕರೆ ಅದಕ್ಕಿಂತ ಕೆಲವು ವರ್ಷ ಹಿಂದೆ ಬಂದಿದ್ದರೆ ಮೊಬೈಲ್ ಇದ್ದವರು ಸಿಟ್ಟಾಗುತ್ತಿದ್ದರು, ಏಕೆಂದರೆ ಅದನ್ನು ಕೇಳಿಸಿಕೊಳ್ಳಲು ಅವರೇ ದುಡ್ಡು ಕೊಡಬೇಕಾಗುತ್ತಿತ್ತು. 1995ರ ಜುಲೈ 31ರಂದು ಕಲ್ಕತ್ತಾದಿಂದ ಜ್ಯೋತಿ ಬಸು ದೆಹಲಿಯ ಸುಖ್ ರಾಮ್ ಅವರಿಗೆ ಮಾಡಿದ ಕರೆಯೊಂದಿಗೆ ದೇಶದಲ್ಲಿ ಮೊಬೈಲ್ ಯುಗ ಶುರುವಾದಾಗ, ಜನ ಹೆಚ್ಚು ಮಾತಾಡುವ ಹೊತ್ತಿನಲ್ಲಿ ನಿಮಿಷಕ್ಕೆ 16 ರೂಪಾಯಿಯವರೆಗೂ ದರವಿತ್ತು. ಒಳಬರುವ ಕರೆಗೂ ಲೆಕ್ಕ ಬೀಳುತ್ತಿತ್ತು. ಮೊಬೈಲ್ ನಂಬರನ್ನು ಜನ ಮನೆಯ ಬೀಗದ ಕೈಯಂತೆ ಜೋಪಾನ ಮಾಡುತ್ತಿದ್ದ ಕಾಲ ಅದು. 2002ರ ಡಿಸೆಂಬರಿನಲ್ಲಿ ರಿಲಯನ್ಸ್ ನಿಮಿಷಕ್ಕೆ 40 ಪೈಸೆಯ ದರದೊಂದಿಗೆ ಮಾರುಕಟ್ಟೆಗೆ ಇಳಿಯಿತು. 2003ರ ಮೇ 1ರಿಂದ ಕರೆ ಮಾಡಿದವರೇ ಹಣ ಕೊಡುವ ಪದ್ಧತಿ ಜಾರಿಗೆ ಬಂದು ಒಳಬರುವ ಕರೆಗಳು ಉಚಿತವಾದವು. ಮೊಬೈಲು ಆಟೋದವರ, ತರಕಾರಿಯವರ ಕೈಗೂ ಬಂದದ್ದು ಇದರಿಂದಲೇ, ಅದನ್ನು ಮರೆಯಬಾರದು. ಆದರೆ ಗುರುತಿಲ್ಲದವರಿಗೆ ಫೋನ್ ಮಾಡಿ ಏನನ್ನಾದರೂ ಮಾರುವುದು ಲಾಭದ ಕಸುಬಾದದ್ದೂ ಇದರಿಂದಲೇ. ನೂರು ಜನರಲ್ಲಿ ಒಬ್ಬರು ಕ್ರೆಡಿಟ್ ಕಾರ್ಡ್ ತೆಗೆದುಕೊಂಡರೂ ಮಿಕ್ಕ ತೊಂಬತ್ತೊಂಬತ್ತು ಕರೆಗಳ ಖರ್ಚು ಹುಟ್ಟುತ್ತಿತ್ತು.

ಎರಡೇ ವರ್ಷದಲ್ಲಿ ವಿಷಯ ಕೋರ್ಟಿನ ಮೆಟ್ಟಿಲೇರಿತು. 2005ರಲ್ಲಿ ವಕೀಲರೊಬ್ಬರು ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. 2006ರಲ್ಲಿ ದೆಹಲಿಯ ರಾಜ್ಯ ಗ್ರಾಹಕ ಆಯೋಗ, ಗ್ರಾಹಕರೊಬ್ಬರ ದೂರಿನ ಮೇಲೆ, ಒಂದು ಮೊಬೈಲ್ ಕಂಪನಿ, ಮೊಬೈಲ್ ಕಂಪನಿಗಳ ಸಂಘ ಮತ್ತು ಎರಡು ಬ್ಯಾಂಕುಗಳಿಗೆ ಒಟ್ಟು 75 ಲಕ್ಷ ರೂಪಾಯಿ ದಂಡ ಹಾಕಿತು. ಕಂಪನಿಗಳು ಸುಮ್ಮನಿರಲಿಲ್ಲ. ಹೈಕೋರ್ಟಿಗೆ ಹೋದವು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿ, 2011ರಲ್ಲಿ, ಮೇಲ್ಮನವಿಗೆ ಬೇರೆ ದಾರಿ ಇರುವಾಗ ಹೈಕೋರ್ಟು ಇದನ್ನು ಕೈಗೆತ್ತಿಕೊಳ್ಳಬಾರದಿತ್ತು ಎಂಬ ತೀರ್ಪು ಬಂತು. ಬೇಡದ ಕರೆಯ ವಿಷಯ ಕಾರ್ಯವಿಧಾನದ ವಿಷಯವಾಗಿ ಕರಗಿತು.

ಇದರ ನಡುವೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ನಿಯಮ ಮಾಡಲು ಕೂತಿತು. ಅದರ ಮುಂದೆ ಎರಡು ದಾರಿಗಳಿದ್ದವು. ‘ನನಗೆ ಕರೆ ಮಾಡಿ’ ಎಂದು ಬರೆಸಿಕೊಂಡವರಿಗೆ ಮಾತ್ರ ಮಾರಾಟದ ಕರೆ ಹೋಗಬೇಕು ಎನ್ನುವುದು ಒಂದು. ‘ಮಾಡಬೇಡಿ’ ಎಂದು ಬರೆಸಿದವರನ್ನು ಬಿಟ್ಟು ಎಲ್ಲರಿಗೂ ಹೋಗಬಹುದು ಎನ್ನುವುದು ಇನ್ನೊಂದು. ಅಮೆರಿಕ 2003ರಲ್ಲಿ ಎರಡನೆಯದನ್ನು ಆರಿಸಿಕೊಂಡು ‘ಡು ನಾಟ್ ಕಾಲ್’ ಪಟ್ಟಿ ತೆರೆದಿತ್ತು. ಭಾರತವೂ ದಾರಿಯನ್ನು ಮಾತ್ರವಲ್ಲ, ಹೆಸರನ್ನೂ ಅಲ್ಲಿಂದಲೇ ತಂದಿತು. 2007ರ ಜೂನ್ 5ರ ನಿಯಮದಡಿ ಹುಟ್ಟಿದ್ದು ‘ನ್ಯಾಷನಲ್ ಡು ನಾಟ್ ಕಾಲ್ ರಿಜಿಸ್ಟ್ರಿ’. ಮುಂದಿನ ಎಲ್ಲ ತೊಡಕಿಗೂ ಬೇರು ಈ ಒಂದು ಆಯ್ಕೆಯಲ್ಲಿದೆ. ಸುಮ್ಮನಿದ್ದವರು ಒಪ್ಪಿದ್ದಾರೆ ಎಂದು ಕಾನೂನು ಎಣಿಸಿತು. ಬೇಡ ಎಂದು ಹೇಳುವ ಕೆಲಸ, ಅದನ್ನು ನೆನಪಿಟ್ಟು ದೂರು ಕೊಡುವ ಕೆಲಸ, ಎಲ್ಲವೂ ಫೋನ್ ಎತ್ತಿದವರ ಪಾಲಿಗೆ ಬಂತು.

ಆ ಕೆಲಸದ ಭಾಷೆಯೂ ವಿಚಿತ್ರ. ಕರೆ ನಿಲ್ಲಿಸಬೇಕಾದವರು 1909ಕ್ಕೆ ‘ಸ್ಟಾರ್ಟ್ ಡಿಎನ್‌ಡಿ’ ಎಂದು ಎಸ್ಸೆಮ್ಮೆಸ್ ಕಳಿಸಬೇಕಿತ್ತು. ಡಿಎನ್‌ಡಿ ಎಂದರೆ ‘ಡು ನಾಟ್ ಡಿಸ್ಟರ್ಬ್’, ಹೋಟೆಲ್ ಕೋಣೆಯ ಬಾಗಿಲಿಗೆ ನೇತುಹಾಕುವ ಚೀಟಿಯ ಮಾತು. ಅಂದರೆ ನಿಲ್ಲಿಸು ಎನ್ನಲು ‘ಶುರುಮಾಡು’ ಎಂದು ಬರೆಯಬೇಕು. ‘ಸ್ಟಾಪ್ ಡಿಎನ್‌ಡಿ’ ಎಂದು ಬರೆದರೋ, ಕರೆಗಳು ಬರಲಿ ಎಂದು ಅರ್ಥ. ಕೀಪ್ಯಾಡಿನಲ್ಲಿ ಕನ್ನಡ ಅಕ್ಷರವೇ ಇಲ್ಲದ ಫೋನು ಹಿಡಿದಿದ್ದ, ಇಂಗ್ಲಿಷ್ ಬಾರದ ಅಜ್ಜಿಯೊಬ್ಬರು ಈ ಎರಡರಲ್ಲಿ ಯಾವುದನ್ನು ಆರಿಸುತ್ತಿದ್ದರು ಎಂದು ಊಹಿಸುವುದು ಕಷ್ಟವಲ್ಲ. ಸರಿಯಾಗಿಯೇ ಕಳಿಸಿದರೂ ಜಾರಿಗೆ ಬರಲು 45 ದಿನ ಹಿಡಿಯುತ್ತಿತ್ತು. ಟೆಲಿಮಾರ್ಕೆಟರುಗಳು ತಮ್ಮ ನಂಬರ್ ಪಟ್ಟಿಯನ್ನು ಈ ನೋಂದಣಿಯೊಂದಿಗೆ ತಾಳೆ ಹಾಕಿಸಿಕೊಳ್ಳಬೇಕಿತ್ತು. ತಪ್ಪಿದರೆ ಮೊದಲ ಕರೆಗೆ 500, ನಂತರದ್ದಕ್ಕೆ 1000 ರೂಪಾಯಿ. ದೊಡ್ಡ ಬ್ಯಾಂಕಿಗೆ ಫೋನ್ ಮಾಡಿಕೊಡುವ ಏಜೆನ್ಸಿಗೆ ಅದು ಚಹಾದ ಖರ್ಚು.

2010ರ ಆಗಸ್ಟಿನಲ್ಲಿ ನಡೆದದ್ದು ಪತ್ರಿಕೆಗಳಿಗೆ ಹಬ್ಬವಾಯಿತು. ಬೆಲೆಯೇರಿಕೆಯ ಕುರಿತು ವಿರೋಧ ಪಕ್ಷದ ನಾಯಕರ ಜೊತೆ ಸಭೆಯಲ್ಲಿದ್ದ ಹಣಕಾಸು ಸಚಿವ ಪ್ರಣವ್ ಮುಖರ್ಜಿಯವರ ಮೊಬೈಲಿಗೆ ಕರೆ ಬಂತು. ಮುಖ್ಯವಾದದ್ದೇನೋ ಎಂದು ಎತ್ತಿದರೆ, ಗೃಹಸಾಲ ಬೇಕೇ ಎಂಬ ವಿಚಾರಣೆ. ಸಭೆಯಲ್ಲಿದ್ದೇನೆ ಎಂದು ಹೇಳಿ ಅವರು ಫೋನ್ ಇಟ್ಟರು. ದೇಶದ ಖಜಾನೆ ನೋಡಿಕೊಳ್ಳುವವರಿಗೇ ಸಾಲ ಕೊಡಲು ಬಂದವರ ಧೈರ್ಯ ದೊಡ್ಡದು. ಅದೇ ಡಿಸೆಂಬರ್ 1ರಂದು ಹೊಸ ನಿಯಮ ಬಂದಾಗ, ಸಚಿವರಿಗೆ ತಟ್ಟಿದ ಮೇಲೆ ಸರ್ಕಾರ ಎಚ್ಚೆತ್ತಿತು ಎಂದು ಜನ ಮಾತಾಡಿಕೊಂಡರು. ನಿಜಕ್ಕೂ ಟ್ರಾಯ್ ತನ್ನ ಸಮಾಲೋಚನೆಯನ್ನು ಆ ಕರೆಗಿಂತ ಮೊದಲೇ, ಮೇ ತಿಂಗಳಲ್ಲೇ, ಶುರುಮಾಡಿತ್ತು. ಆದರೂ ಜನರ ಕಥೆ ಪೂರ್ತಿ ಸುಳ್ಳೆನ್ನಲಾಗದು.

ಹೊಸ ನಿಯಮದಲ್ಲಿ ಪಟ್ಟಿಯ ಹೆಸರು ಬದಲಾಯಿತು. ‘ಡು ನಾಟ್ ಕಾಲ್’ ಹೋಗಿ ‘ಕಸ್ಟಮರ್ ಪ್ರಿಫರೆನ್ಸ್’ ಬಂತು. ಪದಗಳ ಮೇಲೆ ಕಣ್ಣಿಟ್ಟವರಿಗೆ ಇದು ಸಣ್ಣ ಬದಲಾವಣೆಯಲ್ಲ. ‘ಬೇಡ’ ಎಂಬ ನಿಷೇಧ ಈಗ ‘ಆಯ್ಕೆ’ಯಾಯಿತು, ಅಂಗಡಿಯ ಮಾತಾಯಿತು. ಗ್ರಾಹಕರು ಪೂರ್ತಿ ಬೇಡ ಎನ್ನಬಹುದು, ಇಲ್ಲವೇ ಏಳು ವಿಭಾಗಗಳಲ್ಲಿ ಬೇಕಾದ್ದನ್ನು ಉಳಿಸಿಕೊಳ್ಳಬಹುದು. ಬ್ಯಾಂಕು ವಿಮೆ ಒಂದು, ಸೈಟು ಮನೆ ಎರಡು, ಶಿಕ್ಷಣ ಮೂರು, ಹೀಗೆ ಪ್ರವಾಸದವರೆಗೆ. ಮನೆಗೆ ನುಗ್ಗುವವರನ್ನು ತಡೆಯಿರಿ ಎಂದು ಕೇಳಿದವರ ಕೈಗೆ ಮೆನು ಕಾರ್ಡು ಕೊಟ್ಟಂತೆ. ಆದರೂ ದಂಡ ಏರಿತು (ಮೊದಲ ತಪ್ಪಿಗೆ 25,000 ರೂಪಾಯಿ), ಕಾಯುವ ಅವಧಿ ಇಳಿಯಿತು, ರಾತ್ರಿ 9ರಿಂದ ಬೆಳಿಗ್ಗೆ 9ರವರೆಗೆ ಮಾರಾಟದ ಕರೆ ನಿಂತಿತು. ಟೆಲಿಮಾರ್ಕೆಟರುಗಳಿಗೆ ಪ್ರತ್ಯೇಕ ನಂಬರ್ ಸರಣಿಯೂ ಬಂತು. ಮೊದಲು 70 ಎಂದಿದ್ದದ್ದು ಆಮೇಲೆ 140 ಆಯಿತು, ಈ ಗೊಂದಲವೂ ಸೇರಿ ನಿಯಮ ಪೂರ್ತಿ ಜಾರಿಗೆ ಬರಲು 2011ರ ಸೆಪ್ಟೆಂಬರ್ 27 ಆಯಿತು.

ವಾಣಿಜ್ಯ ಎಸ್ಸೆಮ್ಮೆಸ್‌ಗಳ ತಲೆಯಲ್ಲಿ ಕಾಣುವ ಎರಡು ಅಕ್ಷರಗಳು ಬಂದದ್ದೂ ಆ ವ್ಯವಸ್ಥೆಯಲ್ಲೇ. ಮೊದಲನೆಯದು ಕಂಪನಿ, ಎರಡನೆಯದು ಸಂದೇಶ ಹೊರಟ ದೂರಸಂಪರ್ಕ ವಲಯ. ಮುಂಬೈಗೆ ‘ಎಂ’ ಸಿಕ್ಕಿದ್ದರಿಂದ ಪುಣೆ ಸೇರಿದ ಮಹಾರಾಷ್ಟ್ರ ವಲಯಕ್ಕೆ ‘ಝಡ್’ ಬಂತು. ದೆಹಲಿಗೆ ‘ಡಿ’, ತಮಿಳುನಾಡಿಗೆ ‘ಟಿ’, ಹೈದರಾಬಾದ್ ಇರುವ ಆಂಧ್ರ ವಲಯಕ್ಕೆ ‘ಎ’. ‘ಕೆ’ಯನ್ನು ಕೋಲ್ಕತ್ತಾ ತೆಗೆದುಕೊಂಡಿತು. ಕರ್ನಾಟಕಕ್ಕೆ ಉಳಿದದ್ದು ‘ಎಕ್ಸ್’. ಇನ್‌ಬಾಕ್ಸಿನಲ್ಲಿ ‘ಎಕ್ಸ್’ ಕಂಡರೆ ಅದು ತವರಿನ ಕಡೆಯಿಂದ ಬಂದ ಜಾಹೀರಾತು ಎಂದು ತಿಳಿಯಬಹುದು. 2015ರ ಜುಲೈನಿಂದ ನಂಬರನ್ನು ದೇಶದ ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಮೇಲೆ, ಊರು ಬಿಟ್ಟು ವರ್ಷಗಳಾದ ಕನ್ನಡಿಗರಿಗೂ ದೇವನಹಳ್ಳಿಯ ಸೈಟಿನ ಮಾಹಿತಿ ತಪ್ಪುವುದಿಲ್ಲ.

140ರ ಕಥೆ ಮಾತ್ರ ಬೇಗ ಕೆಟ್ಟಿತು. ಕರೆ ಮಾಡುವವರ ಹಣೆಯ ಮೇಲೆ ಗುರುತು ಹಾಕಿದರೆ ಏನಾಗುತ್ತದೆ? ಗುರುತು ಕಂಡವರು ಫೋನ್ ಎತ್ತುವುದಿಲ್ಲ. ನಿಯಮ ಪಾಲಿಸಿ 140ರಿಂದ ಕರೆ ಮಾಡಿದವರ ವ್ಯಾಪಾರ ಕುಸಿಯಿತು. ಪಾಲಿಸದವರು ಮಾಮೂಲಿ ಹತ್ತಂಕಿಯ ಸಿಮ್‌ಗಳನ್ನು ಹಿಡಿಗಟ್ಟಲೆ ಕೊಂಡು ಜನರ ನಡುವೆ ಸೇರಿಕೊಂಡರು. ನಿಯಮದ ಕಡತದಲ್ಲಿ ಅವರಿಗೆ ‘ನೋಂದಾಯಿಸದ ಟೆಲಿಮಾರ್ಕೆಟರ್’ ಎಂಬ ಹೆಸರಿದೆ. ಅವರಿಗೆ ಪಟ್ಟಿಯ ತಾಳೆಯಿಲ್ಲ, ಠೇವಣಿಯಿಲ್ಲ. ಹಿಡಿಯಲು ಜನರೇ ದೂರು ಕೊಡಬೇಕು, ಅದೂ ಮೂರು ದಿನದೊಳಗೆ, ನಂಬರು, ದಿನಾಂಕ, ಹೇಳಿದ್ದೇನು ಎಂಬ ವಿವರದೊಂದಿಗೆ. ಕರೆ ಕತ್ತರಿಸಲು ಎರಡು ಸೆಕೆಂಡು, ದೂರು ಬರೆಯಲು ಐದು ನಿಮಿಷ. ಹೆಚ್ಚಿನವರು ಎರಡು ಸೆಕೆಂಡಿನಲ್ಲೇ ಮುಗಿಸಿದರು.

ಸರ್ಕಾರದ ಪಟ್ಟಿ ಸೋತ ಜಾಗಕ್ಕೆ ಸ್ವೀಡನ್ನಿನಿಂದ ಒಂದು ಆ್ಯಪ್ ಬಂತು. ಅಲನ್ ಮಮೆದಿ ಮತ್ತು ನಮಿ ಝರಿಂಗಲಮ್ ಎಂಬ ಇಬ್ಬರು 2009ರಲ್ಲಿ ಸ್ಟಾಕ್‌ಹೋಮಿನಲ್ಲಿ ಕಟ್ಟಿದ ಟ್ರೂಕಾಲರ್‌ಗೆ ಭಾರತವೇ ಅತಿ ದೊಡ್ಡ ಮಾರುಕಟ್ಟೆಯಾಯಿತು. ಅದು ಕಾನೂನನ್ನು ನೆಚ್ಚಿಕೊಳ್ಳಲಿಲ್ಲ. ಬಳಕೆದಾರರು ಒಪ್ಪಿ ಕೊಟ್ಟ ವಿಳಾಸಪುಸ್ತಕಗಳನ್ನೂ, ಅವರು ‘ಸ್ಪ್ಯಾಮ್’ ಎಂದು ಒತ್ತಿದ ಗುರುತುಗಳನ್ನೂ ಸೇರಿಸಿ, ಗುರುತಿಲ್ಲದ ನಂಬರಿಗೆ ಹೆಸರು ಹಚ್ಚಿತು. ಹತ್ತು ಜನ ಬೈದ ನಂಬರು ಹನ್ನೊಂದನೆಯವರ ಫೋನಿನಲ್ಲಿ ಕೆಂಪಗೆ ಕಂಡಿತು. ಹಳ್ಳಿಕಟ್ಟೆಯ ಮಾತು ಕೆಲಸ ಮಾಡುವುದೂ ಹೀಗೆಯೇ. ಅದರ ಗುಣವೂ ದೋಷವೂ ಇದಕ್ಕೂ ಬಂದವು. ಆ್ಯಪ್ ಹಾಕಿಕೊಳ್ಳದವರ ಹೆಸರೂ, ಒಪ್ಪಿಗೆ ಕೇಳದೆಯೇ, ಪಟ್ಟಿ ಸೇರಿತು. ಯಾರೋ ‘ಗ್ಯಾಸ್ ಮಂಜಣ್ಣ’ ಎಂದೋ ‘ಹಳೇ ಮನೆ ಓನರ್’ ಎಂದೋ ಬರೆದುಕೊಂಡದ್ದು ದೇಶಕ್ಕೆಲ್ಲ ಕಾಣುವ ಹೆಸರಾಗಬಹುದಿತ್ತು. ಬೇಡದ ಕರೆಯಿಂದ ಪಾರಾಗಲು ಜನ ತಮ್ಮದನ್ನಲ್ಲ, ಪರಿಚಯದವರ ನಂಬರುಗಳನ್ನು ಬೆಲೆಯಾಗಿ ಕೊಟ್ಟರು. ಈ ವಿನಿಮಯ ನ್ಯಾಯವೇ ಎಂದು ಕೇಳಿದವರು ಕಡಿಮೆ, ಏಕೆಂದರೆ ಆ್ಯಪ್ ಕೆಲಸ ಮಾಡುತ್ತಿತ್ತು.

ಟ್ರಾಯ್ ಕೂಡ 2016ರಲ್ಲಿ ತನ್ನದೇ ಡಿಎನ್‌ಡಿ ಆ್ಯಪ್ ತಂದಿತು. ದೂರು ಕೊಡುವುದನ್ನು ಸುಲಭ ಮಾಡುವುದು ಉದ್ದೇಶ. ಆಂಡ್ರಾಯ್ಡಿನಲ್ಲಿ ಅದು ಸಿಕ್ಕಿತು. ಆಪಲ್ ಒಪ್ಪಲಿಲ್ಲ, ಕರೆಗಳ ದಾಖಲೆಯನ್ನೂ ಸಂದೇಶಗಳನ್ನೂ ಸರ್ಕಾರಿ ಆ್ಯಪ್ ಓದುವುದು ಬಳಕೆದಾರರ ಖಾಸಗಿತನಕ್ಕೆ ಧಕ್ಕೆ ಎಂದಿತು. ಹಗ್ಗಜಗ್ಗಾಟ ಎರಡು ವರ್ಷ ನಡೆಯಿತು. 2018ರ ಜುಲೈ 19ರ ನಿಯಮದಲ್ಲಿ ಟ್ರಾಯ್, ಆರು ತಿಂಗಳಲ್ಲಿ ಆ್ಯಪ್‌ಗೆ ಅವಕಾಶ ಕೊಡದ ಫೋನುಗಳನ್ನು ನೆಟ್‌ವರ್ಕಿನಿಂದಲೇ ಹೊರಗಿಡಲು ಹೇಳಬಹುದು ಎಂದು ಸೇರಿಸಿತು. ಆಪಲ್ ತನ್ನ ಐಒಎಸ್ 12ರಲ್ಲಿ, ಬಳಕೆದಾರರು ತಾವೇ ಆರಿಸಿದ ಕರೆ ಅಥವಾ ಸಂದೇಶವನ್ನು ಮಾತ್ರ ದೂರಾಗಿ ಕಳಿಸುವ ಸೌಲಭ್ಯ ಕೊಟ್ಟು ರಾಜಿಯಾಯಿತು. ಇಬ್ಬರೂ ಗೆದ್ದೆವೆಂದರು. ಈ ಜಗಳದಲ್ಲಿ ಎರಡೂ ಕಡೆ ಒಂದಿಷ್ಟು ಸತ್ಯವಿತ್ತು ಎನ್ನಬೇಕು.

ಅದೇ 2018ರ ನಿಯಮ ಬ್ಲಾಕ್‌ಚೈನ್ ಮಾದರಿಯ ದಾಖಲೆಯನ್ನೂ ತಂದಿತು. ಸಂದೇಶ ಕಳಿಸುವ ಪ್ರತಿ ಸಂಸ್ಥೆ ತನ್ನ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. 2021ರ ಮಾರ್ಚ್ 8ರಂದು ಅದನ್ನು ಬಿಗಿಯಾಗಿ ಜಾರಿಮಾಡಿದಾಗ ನೋಂದಾಯಿಸದ ಬ್ಯಾಂಕುಗಳ ಒಟಿಪಿಗಳೇ ನಿಂತುಹೋಗಿ, ಒಂದು ವಾರ ನಿಯಮವನ್ನು ಅಮಾನತಿನಲ್ಲಿಡಬೇಕಾಯಿತು.

ಇಷ್ಟರಲ್ಲಿ ಬೇಡದ ಕರೆಯ ಸ್ವರೂಪವೇ ಬದಲಾಗಿತ್ತು. ಹಿಂದೆ ಅದು ಕಿರಿಕಿರಿ, ಈಗ ಅದರ ಹಿಂದೆ ಬ್ಯಾಂಕ್ ಖಾತೆ ಬರಿದುಮಾಡುವವರೂ ಇದ್ದರು. 2024ರಲ್ಲಿ ಸರ್ಕಾರ ವಂಚನೆಯ ಕರೆಗಳ ದೂರಿಗೆ ‘ಚಕ್ಷು’ ಎಂಬ ಸೌಲಭ್ಯ ತೆರೆಯಿತು, ಬ್ಯಾಂಕು ಮತ್ತಿತರ ಸೇವೆಗಳ ನಿಜವಾದ ಕರೆಗಳಿಗೆ 160ರ ಸರಣಿ ಕೊಟ್ಟಿತು. ಆ ಆಗಸ್ಟಿನಲ್ಲಿ ಟ್ರಾಯ್ ಬಿಗಿ ಆದೇಶ ಹೊರಡಿಸಿದ ಕೆಲವೇ ವಾರಗಳಲ್ಲಿ 2.75 ಲಕ್ಷಕ್ಕೂ ಹೆಚ್ಚು ಸಂಪರ್ಕಗಳು ಕಡಿತಗೊಂಡವು. ಸೆಪ್ಟೆಂಬರಿನಲ್ಲಿ ಏರ್‌ಟೆಲ್, ಸ್ಪ್ಯಾಮ್ ಇರಬಹುದೆಂಬ ಎಚ್ಚರಿಕೆಯನ್ನು ನೆಟ್‌ವರ್ಕಿನಿಂದಲೇ ಫೋನಿನ ಪರದೆಗೆ ಕಳಿಸತೊಡಗಿತು. ಮರುವರ್ಷ ಆ ಎಚ್ಚರಿಕೆ ಕನ್ನಡದಲ್ಲೂ ಬಂತು. ‘ಸ್ಟಾರ್ಟ್ ಡಿಎನ್‌ಡಿ’ಯಿಂದ ಅಲ್ಲಿಗೆ ಬರಲು ಹದಿನೆಂಟು ವರ್ಷ ಹಿಡಿದಿತ್ತು.

ಕರೆ ಮಾಡಿದವರ ನೋಂದಾಯಿತ ಹೆಸರನ್ನೇ ಪರದೆಯಲ್ಲಿ ತೋರಿಸುವ ವ್ಯವಸ್ಥೆಯನ್ನು 2024ರ ಫೆಬ್ರವರಿಯಲ್ಲಿ ಟ್ರಾಯ್ ಶಿಫಾರಸು ಮಾಡಿತು. ಟ್ರೂಕಾಲರಿನ ಊರ ಮಾತಿಗೆ ಬದಲಾಗಿ ಸಿಮ್ ಅರ್ಜಿಯ ಹೆಸರು. ಕೇಳಲು ಸರಿಯೇ. ಆದರೆ ಎಷ್ಟೋ ಮನೆಗಳಲ್ಲಿ ಹೆಂಡತಿಯ, ಮಗಳ ಸಿಮ್ ಇರುವುದು ಮನೆಯ ಗಂಡಸಿನ ಹೆಸರಿನಲ್ಲಿ. ಗೆಳತಿಗೆ ಫೋನ್ ಮಾಡಿದ ಹೆಣ್ಣುಮಗಳೊಬ್ಬಳು ಆ ಕಡೆ ತನ್ನ ಮಾವನ ಹೆಸರಾಗಿ ರಿಂಗಾಗಬಹುದು.

2025ರ ಫೆಬ್ರವರಿಯ ತಿದ್ದುಪಡಿ ದೂರು ಕೊಡುವ ಅವಧಿಯನ್ನು ಮೂರು ದಿನದಿಂದ ಏಳಕ್ಕೆ ಏರಿಸಿತು. ಹತ್ತು ದಿನದಲ್ಲಿ ಐದು ದೂರು ಬಂದರೆ ಕ್ರಮ ಕೈಗೊಳ್ಳಬೇಕೆಂದಿತು. ಆ ಜೂನಿನಲ್ಲಿ ಟ್ರಾಯ್, ರಿಸರ್ವ್ ಬ್ಯಾಂಕಿನ ಜೊತೆಗೂಡಿ, ಆಯ್ದ ಕೆಲವು ಬ್ಯಾಂಕುಗಳಲ್ಲಿ ಒಂದು ಪ್ರಯೋಗ ಆರಂಭಿಸಿತು. ಖಾತೆ ತೆರೆಯುವಾಗ, ಸಾಲಕ್ಕೆ ಸಹಿ ಹಾಕುವಾಗ, ಅರ್ಜಿಯ ಕೊನೆಯ ಪುಟದ ಸಣ್ಣಕ್ಷರದಲ್ಲಿ ಗ್ರಾಹಕರು ಕೊಟ್ಟಿದ್ದಾರೆನ್ನಲಾದ ಒಪ್ಪಿಗೆಗಳೆಲ್ಲ ಕಾಗದದಲ್ಲೇ ಉಳಿದಿವೆ. ಡಿಎನ್‌ಡಿ ಹಾಕಿಸಿಕೊಂಡವರಿಗೂ ಕರೆ ಬಂದಾಗ ಬ್ಯಾಂಕುಗಳು ತೋರಿಸುವುದು ಆ ಸಹಿಯನ್ನೇ. ಅವನ್ನೆಲ್ಲ ಡಿಜಿಟಲ್ ದಾಖಲೆಗೆ ತಂದು, ಯಾರಿಗೆ ಯಾವಾಗ ‘ಹೂಂ’ ಎಂದಿದ್ದರು ಎನ್ನುವುದನ್ನು ಗ್ರಾಹಕರಿಗೇ ತೋರಿಸಿ, ಬೇಡವಾದ್ದನ್ನು ಹಿಂಪಡೆಯಲು ಬಿಡುವುದು ಪ್ರಯೋಗದ ಗುರಿ. ಹಿಂಪಡೆಯಬೇಕಾದವರು ಈಗಲೂ ಗ್ರಾಹಕರೇ.