ಹೂವಿನ ಡಾಗ್‌ವುಡ್

ಹೂವಿನ ಡಾಗ್‌ವುಡ್ ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಸಹಜವಾಗಿ ಬೆಳೆಯುವ, ಅಲಂಕಾರಕ್ಕಾಗಿ ಮನೆಯಂಗಳದಲ್ಲೂ ನೆಡುವ ಒಂದು ಚಿಕ್ಕ ಮರ. ಇದು ಕಾರ್ನೇಸಿ ಕುಟುಂಬಕ್ಕೆ ಸೇರಿದೆ. ಇದರ ವೈಜ್ಞಾನಿಕ ಹೆಸರು ಕಾರ್ನಸ್ ಫ್ಲಾರಿಡ; 1753ರಲ್ಲಿ ಲಿನೇಯಸ್ ಈ ಹೆಸರನ್ನು ಪ್ರಕಟಿಸಿದನು. ‘ಫ್ಲಾರಿಡ’ ಎಂಬುದನ್ನು ಅದೇ ಹೆಸರಿನ ರಾಜ್ಯಕ್ಕೆ ಸಂಬಂಧಿಸಿದ್ದೆಂದು ಭಾವಿಸುವುದುಂಟು. ಆದರೆ ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಹೂತುಂಬಿದ ಎಂಬ ಅರ್ಥವಿದೆ. ಇದು ವರ್ಜೀನಿಯ ಮತ್ತು ಮಿಸೌರಿ ರಾಜ್ಯಗಳ ಅಧಿಕೃತ ಮರ. ಇದರ ಹೂವು ವರ್ಜೀನಿಯ ಮತ್ತು ಉತ್ತರ ಕೆರೊಲಿನ ರಾಜ್ಯಗಳ ಅಧಿಕೃತ ಪುಷ್ಪ.

ಲಕ್ಷಣಗಳು

ಮರವು ಸಾಮಾನ್ಯವಾಗಿ 5ರಿಂದ 10 ಮೀಟರ್ ಎತ್ತರ ಬೆಳೆಯುತ್ತದೆ. ಕೊಂಬೆಗಳು ನೆಲಕ್ಕೆ ಸಮಾಂತರವಾಗಿ ಅಂತಸ್ತುಗಳಂತೆ ಹರಡುತ್ತವೆ. ಎಲೆಗಳು ಎದುರುಬದುರಾಗಿ ಜೋಡಣೆಗೊಂಡಿದ್ದು, ಅವುಗಳ ನರಗಳು ಎಲೆಯ ಅಂಚಿನತ್ತ ಬಾಗಿ ತುದಿಯ ಕಡೆಗೆ ಸಾಗುತ್ತವೆ. ಎಲೆಯನ್ನು ಅಡ್ಡಲಾಗಿ ಮೆಲ್ಲನೆ ಹರಿದರೆ ಎರಡು ತುಂಡುಗಳ ನಡುವೆ ಜೇಡನ ಬಲೆಯಂಥ ಸಣ್ಣ ಎಳೆಗಳು ಉಳಿದುಕೊಳ್ಳುತ್ತವೆ. ಡಾಗ್‌ವುಡ್ ಜಾತಿಯನ್ನು ಗುರುತಿಸಲು ವಿದ್ಯಾರ್ಥಿಗಳಿಗೆ ಇದಕ್ಕಿಂತ ಸುಲಭವಾದ ಪರೀಕ್ಷೆ ಇಲ್ಲ.

ವಸಂತದಲ್ಲಿ ಕಾಣುವ ನಾಲ್ಕು ಬಿಳಿಯ ಅಥವಾ ನಸುಗೆಂಪು ‘ದಳ’ಗಳು ನಿಜವಾದ ದಳಗಳಲ್ಲ, ಕಾಗದದ ಹೂವಿನಲ್ಲಿ ಇರುವಂತೆ ಅವು ಬಣ್ಣ ತಳೆದ ಪುಷ್ಪಪತ್ರಗಳು. ಪ್ರತಿಯೊಂದರ ತುದಿಯಲ್ಲೂ ಒಂದು ಕಚ್ಚು ಇರುತ್ತದೆ. ನಿಜವಾದ ಹೂಗಳು ಬಹು ಸಣ್ಣವು, ಹಸುರುಮಿಶ್ರಿತ ಹಳದಿ ಬಣ್ಣದವು. ಅವು ನಡುವೆ ಗೊಂಚಲಾಗಿ ಕೂಡಿರುತ್ತವೆ. ಶರತ್ಕಾಲದಲ್ಲಿ ಎಲೆಗಳು ಕೆಂಪೇರುತ್ತವೆ. ಆಗ ಮಾಗುವ ಕೆಂಪು ಹಣ್ಣುಗಳು ಮನುಷ್ಯರಿಗೆ ಕಹಿ, ಹಕ್ಕಿಗಳಿಗೆ ಪ್ರಿಯ.

ಬೇಸಾಯ

ಕಾಡಿನಲ್ಲಿ ಈ ಮರವು ಓಕ್ ಮುಂತಾದ ದೊಡ್ಡ ಮರಗಳ ಅಡಿಯಲ್ಲಿ ಬೆಳೆಯುವುದರಿಂದ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಸ್ಥಳ ಇದಕ್ಕೆ ಒಪ್ಪುತ್ತದೆ. ಮಣ್ಣು ತುಸು ಆಮ್ಲೀಯವಾಗಿದ್ದು, ಸಾವಯವ ಅಂಶದಿಂದ ಕೂಡಿ ನೀರು ಬಸಿದುಹೋಗುವಂತಿರಬೇಕು. ನೀರು ನಿಲ್ಲುವ ಜಿಗುಟು ಮಣ್ಣಿನಲ್ಲಿ ಗಿಡ ಬದುಕುವುದಿಲ್ಲ. ಬೇರುಗಳು ಮೇಲ್ಮಣ್ಣಿನಲ್ಲೇ ಹರಡುವ ಕಾರಣ ಬೇಸಗೆಯ ಒಣಹವೆಗೆ ಗಿಡ ಬೇಗ ಸೊರಗುತ್ತದೆ. ಆದುದರಿಂದ ಬುಡದ ಸುತ್ತ 5ರಿಂದ 8 ಸೆಂಟಿಮೀಟರ್ ದಪ್ಪಕ್ಕೆ ತರಗೆಲೆ ಅಥವಾ ತೊಗಟೆಯ ಹೊದಿಕೆ ಹಾಕುವರು. ಹೊದಿಕೆ ಕಾಂಡಕ್ಕೆ ತಾಗಬಾರದು.

ಈ ಹೊದಿಕೆಗೆ ಇನ್ನೊಂದು ಪ್ರಯೋಜನವೂ ಇದೆ. ಹುಲ್ಲು ಬುಡದವರೆಗೆ ಬೆಳೆಯದಿದ್ದರೆ ಹುಲ್ಲು ಕತ್ತರಿಸುವ ಯಂತ್ರ ಕಾಂಡದ ಹತ್ತಿರ ಸುಳಿಯಬೇಕಾಗಿಲ್ಲ. ತೆಳುವಾದ ತೊಗಟೆಗೆ ಯಂತ್ರ ತಾಗಿ ಆಗುವ ಗಾಯದಿಂದಲೇ ಕಾಂಡಕೊರಕದ ಮರಿಹುಳುಗಳು ಒಳಹೊಗುತ್ತವೆ. ತೋಟದ ಮರಗಳ ನಾಶಕ್ಕೆ ಇದು ಒಂದು ಮುಖ್ಯ ಕಾರಣ.

ಬೀಜದ ಸುಪ್ತಾವಸ್ಥೆ ಕಳೆಯಲು ಮೂರು ನಾಲ್ಕು ತಿಂಗಳ ತಂಪು ಬೇಕು. ತಿರುಳು ತೆಗೆದು ಶರತ್ಕಾಲದಲ್ಲಿ ಹೊರಗೆ ಬಿತ್ತಿದರೆ ಚಳಿಗಾಲವೇ ಆ ಕೆಲಸ ಮಾಡುತ್ತದೆ. ಹೆಸರುಳ್ಳ ತಳಿಗಳನ್ನು ಕಣ್ಣು ಕಸಿಯಿಂದ ವೃದ್ಧಿಸುವರು, ಏಕೆಂದರೆ ಬೀಜದ ಸಸಿ ತಾಯಿಮರದ ಬಣ್ಣವನ್ನೇ ತಾಳುವುದೆಂಬ ಭರವಸೆಯಿಲ್ಲ. ಮುಂದಿನ ವರ್ಷದ ಮೊಗ್ಗುಗಳು ಹಿಂದಿನ ಬೇಸಗೆಯಲ್ಲೇ ಮೂಡುವುದರಿಂದ ಸವರುವಿಕೆ ಅಗತ್ಯವಿದ್ದರೆ ಹೂ ಉದುರಿದ ಕೂಡಲೇ ಮಾಡುವುದು ಲೇಸು.

ಚಿಬ್ಬು ರೋಗ

1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಈ ಮರಗಳು ಕಾರಣ ತಿಳಿಯದೆ ಸಾಯತೊಡಗಿದವು. ಎಲೆಗಳ ಮೇಲೆ ನೇರಳೆ ಅಂಚಿನ ಕಂದು ಮಚ್ಚೆಗಳು ಕಾಣಿಸಿಕೊಂಡು, ಮೊದಲು ಕೆಳಗಿನ ಕೊಂಬೆಗಳು ಒಣಗಿ, ಬಳಿಕ ರೋಗ ಕಾಂಡಕ್ಕೆ ಇಳಿಯುತ್ತಿತ್ತು. ರೋಗಕಾರಕವಾದ ಶಿಲೀಂಧ್ರಕ್ಕೆ 1991ರಲ್ಲಿ ಡಿಸ್ಕುಲ ಡಿಸ್ಟ್ರಕ್ಟೈವ ಎಂದು ಹೆಸರಿಡಲಾಯಿತು. ಅಪಲಾಚಿಯನ್ ಪರ್ವತಗಳ ತಂಪಾದ, ತೇವದ ಇಳಿಜಾರುಗಳಲ್ಲಿ ನಷ್ಟ ತೀವ್ರವಾಗಿತ್ತು. ಬಿಸಿಲು ಗಾಳಿ ಆಡುವ ತೋಟಗಳಲ್ಲಿ ಮರಗಳು ಹೆಚ್ಚಾಗಿ ಉಳಿದುಕೊಂಡವು. ಡಾಗ್‌ವುಡ್ ಎಲೆಗಳಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದು, ಅವು ಬೇಗ ಕೊಳೆತು ಮೇಲ್ಮಣ್ಣಿಗೆ ಸೇರುತ್ತವೆ. ಹೀಗಾಗಿ ಮರದ ನಷ್ಟ ಕೇವಲ ಚೆಲುವಿನ ನಷ್ಟವಲ್ಲ.

ಮೇರಿಲ್ಯಾಂಡ್‌ನ ಕಟಾಕ್ಟಿನ್ ಬೆಟ್ಟದಲ್ಲಿ ರೋಗವನ್ನು ಗೆದ್ದು ಉಳಿದ ಮರದಿಂದ ‘ಅಪಲಾಚಿಯನ್ ಸ್ಪ್ರಿಂಗ್’ ಎಂಬ ನಿರೋಧಕ ತಳಿ ಬಂದಿದೆ. ಪೂರ್ವ ಏಷ್ಯಾದ ಕೌಸಾ ಡಾಗ್‌ವುಡ್ ಕೂಡ ರೋಗವನ್ನು ಬಹುಮಟ್ಟಿಗೆ ತಡೆಯುತ್ತದೆ. ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಎಲ್ವಿನ್ ಆರ್ಟನ್ ಹೂವಿನ ಡಾಗ್‌ವುಡ್ ಮತ್ತು ಕೌಸಾ ಡಾಗ್‌ವುಡ್‌ಗಳನ್ನು ಸಂಕರಿಸಿ ಹೊಸ ತಳಿಗಳನ್ನು ಪಡೆದರು. ರೋಗ ಬಂದ ಮೇಲೆ ಒಣಗಿದ ಕೊಂಬೆಗಳನ್ನು ಕತ್ತರಿಸಿ ತೆಗೆಯುವುದು, ಎಲೆಗಳ ಮೇಲೆ ನೀರು ಬೀಳದಂತೆ ಬುಡಕ್ಕೆ ಮಾತ್ರ ನೀರುಣಿಸುವುದು, ಇವೇ ತೋಟಗಾರರು ಅನುಸರಿಸುವ ಕ್ರಮಗಳು. ಕಾಡಿನಿಂದ ಸಸಿ ಕಿತ್ತು ತಂದರೆ ರೋಗವೂ ಜೊತೆಯಲ್ಲಿ ಬರಬಹುದು.

ಇತರ ಉಪಯೋಗಗಳು

ಮರ ಬಲು ಗಟ್ಟಿ, ನುಣುಪು. ಜವಳಿ ಗಿರಣಿಗಳ ಲಾಳಿಗಳನ್ನು ಇದರಿಂದ ಮಾಡುತ್ತಿದ್ದರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಕ್ವಿನೀನ್ ದೊರೆಯದ ದಕ್ಷಿಣದ ರಾಜ್ಯಗಳಲ್ಲಿ ತೊಗಟೆಯನ್ನು ಜ್ವರಕ್ಕೆ ಬಳಸಿದರು. 1912ರಲ್ಲಿ ಟೋಕಿಯೊ ನಗರ ವಾಷಿಂಗ್ಟನ್ನಿಗೆ ಚೆರಿ ಗಿಡಗಳನ್ನು ನೀಡಿದ್ದಕ್ಕೆ ಪ್ರತಿಯಾಗಿ 1915ರಲ್ಲಿ ಅಮೆರಿಕ ಡಾಗ್‌ವುಡ್ ಗಿಡಗಳನ್ನು ಜಪಾನಿಗೆ ಕಳುಹಿಸಿತು.

ಭಾರತದಲ್ಲಿ

ಹಿಮಾಲಯದಲ್ಲಿ ಇದೇ ಜಾತಿಯ ಕಾರ್ನಸ್ ಕ್ಯಾಪಿಟೇಟ ಎಂಬ ನಿತ್ಯಹಸುರು ಪ್ರಭೇದ ಬೆಳೆಯುತ್ತದೆ. ಹೂವಿನ ಡಾಗ್‌ವುಡ್‌ಗೆ ದೀರ್ಘವಾದ ಚಳಿಗಾಲ ಅಗತ್ಯವಾದ್ದರಿಂದ ಕರ್ನಾಟಕದ ಬಯಲುಸೀಮೆಯ ಹವೆ ಇದಕ್ಕೆ ಒಗ್ಗುವುದಿಲ್ಲ. ಇಲ್ಲಿನ ಕುರುಚಲು ಕಾಡುಗಳ ಅಂಕೋಲೆ ಮರವನ್ನು ಇಂದಿನ ವರ್ಗೀಕರಣ ಕಾರ್ನೇಸಿ ಕುಟುಂಬದಲ್ಲೇ ಇರಿಸಿದೆ.