ಎಣ್ಣೂರಿನ ಕಾಮೆಟ್ ಲಾರಿಗಳು

ನಾನು ಮದ್ರಾಸಿಗೆ ವರ್ಗವಾಗಿ ಬಂದದ್ದು 1984ರ ಜೂನ್ ತಿಂಗಳಲ್ಲಿ. ಬ್ಯಾಂಕಿನವರನ್ನು ಮೂರು ವರ್ಷ ಎಂದು ಕಳಿಸುತ್ತಾರೆ, ನಾವೂ ಮೂರೇ ವರ್ಷ ಎಂದು ಹೆಂಡತಿಗೆ ಹೇಳಿ ಹೊರಡುತ್ತೇವೆ. ನಡುವೆ ಎರಡು ಊರುಗಳಿಗೆ ಹೋಗಿ ಬಂದರೂ ನಮ್ಮ ಮನೆ ಮಾತ್ರ ಇಲ್ಲೇ ಉಳಿಯಿತು. ಊರು ಮದ್ರಾಸಿನಿಂದ ಚೆನ್ನೈ ಆಯಿತು, ನಾನು ನಿವೃತ್ತನಾದೆ, ಈಗಲೂ ಇಲ್ಲೇ ಇದ್ದೇನೆ.

ನನ್ನ ಮೊದಲ ಶಾಖೆ ಉತ್ತರ ಮದ್ರಾಸಿನಲ್ಲಿ, ತಿರುವೊಟ್ಟಿಯೂರಿನ ಕಡೆಗೆ ಹೋಗುವ ರಸ್ತೆಯಲ್ಲಿತ್ತು. ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಎಣ್ಣೂರಿನ ಕಾರ್ಖಾನೆಯಿಂದ ಹೊಸ ಲಾರಿಗಳು ಸಾಲಾಗಿ ಬರುತ್ತಿದ್ದವು. ಲಾರಿ ಅನ್ನುವುದಕ್ಕಿಂತ ಅಸ್ಥಿಪಂಜರ ಅನ್ನಬೇಕು. ಚಾಸಿ, ಎಂಜಿನ್ನು, ನಾಲ್ಕಾರು ಗಾಲಿ, ಒಂದು ಸ್ಟೇರಿಂಗು, ಅಷ್ಟೆ. ಬಾಗಿಲಿಲ್ಲ, ಗಾಜಿಲ್ಲ, ಮೇಲೆ ಸೂರಿಲ್ಲ. ಮರದ ಪೆಟ್ಟಿಗೆಯ ಮೇಲೆ ಗೋಣಿ ಮಡಚಿ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ ಡ್ರೈವರ್ ಕೂತಿರುತ್ತಿದ್ದ. ಹಾಗೆಯೇ ಬಿಸಿಲು ಮಳೆಯಲ್ಲಿ ನೂರಾರು ಮೈಲಿ ಹೋಗಿ ಗಾಡಿ ಒಪ್ಪಿಸಬೇಕು. ಆಮೇಲೆ ನಾಮಕ್ಕಲ್ಲಿನಂಥ ಊರುಗಳಲ್ಲಿ ಬಡಗಿಗಳು ಅದಕ್ಕೆ ಕ್ಯಾಬಿನ್ನು, ಬಾಡಿ ಕಟ್ಟುತ್ತಿದ್ದರು.

ಈ ಲಾರಿಗಳ ಮೂಲ ಇಂಗ್ಲೆಂಡು. ಅಲ್ಲಿನ ಲ್ಯಾಂಕಾಶೈರ್ ಪ್ರಾಂತ್ಯದಲ್ಲಿ ಲೇಲ್ಯಾಂಡ್ ಎಂಬ ಪುಟ್ಟ ಊರಿದೆ. 1896ರಲ್ಲಿ ಅಲ್ಲಿ ಉಗಿ ಗಾಡಿ ಮಾಡುವ ಕಂಪನಿಯೊಂದು ಹುಟ್ಟಿತು. 1907ರಲ್ಲಿ ಅದಕ್ಕೆ ಊರಿನದೇ ಹೆಸರಾಗಿ ಲೇಲ್ಯಾಂಡ್ ಮೋಟಾರ್ಸ್ ಆಯಿತು. ಎರಡನೇ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿನ ಬೊಕ್ಕಸ ಬರಿದಾಗಿತ್ತು, ಸಾಮಾನು ಮಾಡಿ ಹೊರದೇಶಕ್ಕೆ ಮಾರದೆ ಗತಿಯಿರಲಿಲ್ಲ. ಆ ಕಾಲದಲ್ಲಿ, 1947ರಲ್ಲಿ, ಹೊರದೇಶದ ಮಾರುಕಟ್ಟೆಯನ್ನೇ ಮುಖ್ಯವಾಗಿ ನೋಡಿಕೊಂಡು ಬಂದ ಮೂತಿ ಮುಂದಿರುವ ಲಾರಿ 'ಕಾಮೆಟ್'. ಕಾಮೆಟ್ ಎಂದರೆ ಧೂಮಕೇತು. ನಮ್ಮ ರಸ್ತೆಗಳಲ್ಲಿ ಅದು ಬಿಡುತ್ತಿದ್ದ ಹೊಗೆ ಕಂಡವರಿಗೆ ಹೆಸರು ಸರಿಯಾಗಿಯೇ ಇದೆ ಅನ್ನಿಸೀತು.

ಇತ್ತ ಮದ್ರಾಸಿನಲ್ಲಿ ರಘುನಂದನ ಸರನ್ ಎಂಬವರು 1948ರ ಸೆಪ್ಟೆಂಬರಿನಲ್ಲಿ ಅಶೋಕ್ ಮೋಟಾರ್ಸ್ ಶುರು ಮಾಡಿದರು. ಅಶೋಕ್ ಅವರ ಮಗನ ಹೆಸರು. ಮೊದಲು ಜೋಡಿಸಿದ್ದು ಆಸ್ಟಿನ್ ಕಾರುಗಳನ್ನು. ಆದರೆ ಹೊಸ ದೇಶಕ್ಕೆ ಕಾರಿಗಿಂತ ಲಾರಿ ಬೇಕಾಗಿತ್ತು. 1950ರಲ್ಲಿ ಲೇಲ್ಯಾಂಡಿನ ಜೊತೆ ಒಪ್ಪಂದವಾಗಿ 1951ರಲ್ಲಿ ಎಣ್ಣೂರಿನಲ್ಲಿ ಮೊದಲ ಕಾಮೆಟ್‌ಗಳು ಜೋಡಣೆಯಾದವು. ನಮ್ಮೂರ ಕಡೆಯವರು ಹೆಮ್ಮೆ ಪಡುವ ವಿಷಯವೊಂದು ಇಲ್ಲಿದೆ. ಕಂಪನಿಯ ಚರಿತ್ರೆಯ ಪ್ರಕಾರ ಹಾಗೆ ಮೊದಲು ಜೋಡಿಸಿದ ನಾಲ್ಕು ಟಿಪ್ಪರುಗಳು ಹೋದದ್ದು ಮಂಗಳೂರಿನ ಹಂಚಿನ ಕಾರ್ಖಾನೆಗೆ! 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಶುರುಮಾಡಿದ ಹಂಚಿನ ಉದ್ಯಮ ಮದ್ರಾಸಿನ ಲೇಲ್ಯಾಂಡಿಗೆ ಬೋಣಿ ಮಾಡಿತು ಅಂದ ಹಾಗಾಯಿತು. 1955ರಲ್ಲಿ ಲೇಲ್ಯಾಂಡಿನವರೂ ಬಂಡವಾಳ ಹಾಕಿ ಕಂಪನಿ ಅಶೋಕ್ ಲೇಲ್ಯಾಂಡ್ ಆಯಿತು.

ಇದು ಕಾಗದದ ಮೇಲಿನ ಚರಿತ್ರೆ. ಲಾರಿಯ ನಿಜವಾದ ಚರಿತ್ರೆಯನ್ನು ನನಗೆ ಹೇಳಿದವರು ಒಬ್ಬ ಡ್ರೈವರು. ಪುತ್ತೂರಿನ ಕಡೆಯವರು. ಮಣ್ಣಡಿಯ ಲಾರಿ ಆಫೀಸುಗಳಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು 'ಡ್ರೈವರಣ್ಣ' ಎಂದು, ನನಗೂ ಅವರು ಡ್ರೈವರಣ್ಣನೇ. ಹದಿನಾಲ್ಕನೇ ವಯಸ್ಸಿಗೆ ಕ್ಲೀನರಾಗಿ ಲಾರಿ ಹತ್ತಿದವರು. ಮಂಗಳೂರಿನಿಂದ ಹಂಚು, ಅಡಿಕೆ ಹೇರಿಕೊಂಡು ಶಿರಾಡಿ ಘಾಟಿ ಹತ್ತಿ, ಹಾಸನ, ಬೆಂಗಳೂರು, ಕೋಲಾರ, ಪಲಮನೇರು, ಚಿತ್ತೂರು ದಾಟಿ ಮದ್ರಾಸಿಗೆ ಬರುವುದು ಅವರ ಲೈನು. ನನಗೆ ಅವರ ಪರಿಚಯವಾದದ್ದು ನನ್ನ ತಾಯಿ ಕಳಿಸಿದ ಕುಚ್ಚಲಕ್ಕಿ ಮೂಟೆಯಿಂದ. ಸೀಟಿನ ಹಿಂದೆ ಇಟ್ಟುಕೊಂಡು ಬಂದು ಶಾಖೆಯ ಬಾಗಿಲಲ್ಲೇ ಇಳಿಸಿದರು. ಆಮೇಲೆ ಮಳೆಗಾಲಕ್ಕೆ ಮೊದಲು ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಎಲ್ಲ ಅವರ ಕೈಯಲ್ಲೇ ಬರುತ್ತಿತ್ತು. ಆಗ ನಮಗೆ ಊರೆಂದರೆ ಆ ಲಾರಿಯೇ.

ಕ್ಲೀನರಾಗಿದ್ದಾಗ ಅವರು ಕಂಡದ್ದು ಪೆಟ್ರೋಲ್ ಲಾರಿಗಳನ್ನು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಗಾಡಿಗಳು ನಮ್ಮ ರಸ್ತೆಗಳಲ್ಲಿ ಬಹಳ ಕಾಲ ಓಡಿದವು. ಇಂಗ್ಲೆಂಡಿನ ಬೆಡ್‌ಫೋರ್ಡ್ ಲಾರಿಗಳೂ ಇದ್ದವು, ಆಮೇಲೆ ಅವು ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸಿನಲ್ಲೇ ತಯಾರಾದವು. ಬೆಡ್‌ಫೋರ್ಡಿನ ಕ್ಲಚ್ಚು ಮೃದು, ಸ್ಟೇರಿಂಗ್ ಹಗುರ ಎಂದು ಡ್ರೈವರಣ್ಣ ಹೇಳುವುದಿತ್ತು. ಆದರೆ ಪೆಟ್ರೋಲ್ ಕುಡಿಯುವುದು ಜಾಸ್ತಿ. ಹೀಗಾಗಿ ಎಷ್ಟೋ ಮಾಲೀಕರು ಪೆಟ್ರೋಲ್ ಎಂಜಿನ್ ಇಳಿಸಿ ಪರ್ಕಿನ್ಸ್ ಪಿ-6 ಡೀಸೆಲ್ ಎಂಜಿನ್ ಕೂರಿಸಿದರು. ಇಂಗ್ಲೆಂಡಿನ ಪೀಟರ್‌ಬರೋ ಊರಿನ ಈ ಆರು ಸಿಲಿಂಡರಿನ ಎಂಜಿನ್ನು 1950ರ ದಶಕದಲ್ಲಿ ಮದ್ರಾಸಿನ ಸಿಂಪ್ಸನ್ ಕಂಪನಿಯಲ್ಲೇ ಸಿಗತೊಡಗಿತ್ತು.

"ಪೆಟ್ರೋಲ್ ಗಾಡಿ ಅಂದ್ರೆ ಸಣ್ಣ ಮಕ್ಕಳ ಹಾಗೆ ಮಾರಾಯ್ರೆ. ಸಪಾಟು ಇದ್ರೆ ಓಡ್ತದೆ, ಏರು ಬಂದ ಕೂಡ್ಲೆ ಎತ್ತಿಕೊಳ್ಳಿ ಅಂತದೆ. ಕಾಮೆಟ್ ಹಾಗಲ್ಲ. ನಿಧಾನ. ಆದ್ರೆ ನಿಲ್ಲುವ ಜಾತಿ ಅಲ್ಲ."

ಎಂಜಿನ್ನಿನ ಮೇಲಿದ್ದ 350 ಎಂಬ ಅಂಕಿ ಕ್ಯೂಬಿಕ್ ಇಂಚುಗಳ ಲೆಕ್ಕ, ನಮ್ಮ ಲೆಕ್ಕದಲ್ಲಿ ಸುಮಾರು ಐದೂಮುಕ್ಕಾಲು ಲೀಟರ್. ಶಕ್ತಿ ನೂರು ಕುದುರೆಯ ಆಸುಪಾಸು. ಈಗಿನ ದೊಡ್ಡ ಲಾರಿಗಳಿಗೆ ಹೋಲಿಸಿದರೆ ಏನೂ ಅಲ್ಲ. ಆದರೆ ಎಂಜಿನ್ನು ನಿಧಾನ ತಿರುಗುವಾಗಲೂ ಎಳೆತ ಬಿಡುತ್ತಿರಲಿಲ್ಲ. ಘಾಟಿಯಲ್ಲಿ ಬೇಕಾದದ್ದು ಅದೇ.

ಕಷ್ಟ ಇದ್ದದ್ದು ಗೇರಿನಲ್ಲಿ. ಈಗಿನ ಕಾರು ಬಿಡುವವರಿಗೆ ಇದು ಅರ್ಥವಾಗುವುದು ಕಷ್ಟ, ಸ್ವಲ್ಪ ವಿವರಿಸುತ್ತೇನೆ. ಈಗಿನ ಗೇರ್ ಪೆಟ್ಟಿಗೆಯಲ್ಲಿ ಎರಡು ಭಾಗಗಳ ವೇಗವನ್ನು ಸರಿ ಹೊಂದಿಸುವ ವ್ಯವಸ್ಥೆ ಒಳಗೇ ಇರುತ್ತದೆ. ಹಳೆ ಲೇಲ್ಯಾಂಡಿನಲ್ಲಿ ಅದನ್ನು ಡ್ರೈವರೇ ಮಾಡಬೇಕು. ಏರಿನಲ್ಲಿ ಗೇರು ಇಳಿಸಬೇಕಾದರೆ ಒಮ್ಮೆ ಕ್ಲಚ್ ಒತ್ತಿ ನ್ಯೂಟ್ರಲಿಗೆ ತರಬೇಕು, ಕ್ಲಚ್ ಬಿಡಬೇಕು, ಆಕ್ಸಿಲರೇಟರ್ ಒತ್ತಿ ಎಂಜಿನ್ನಿನ ಓಟ ಏರಿಸಬೇಕು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕಬೇಕು. ಇದು ಡಬಲ್ ಕ್ಲಚ್. ಓಟ ಹೆಚ್ಚಾದರೂ ಕಡಿಮೆಯಾದರೂ ಗೇರು ಕಿರುಚುತ್ತದೆ, ಬೀಳುವುದಿಲ್ಲ. ಇಷ್ಟನ್ನೂ ಲಾರಿಯ ವೇಗ ಕುಸಿಯುವುದರೊಳಗೆ, ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಮುಗಿಸಬೇಕು. ತಪ್ಪಿದರೆ ಭರ್ತಿ ಲೋಡಿನ ಲಾರಿ ಘಾಟಿಯ ತಿರುವಿನಲ್ಲಿ ಗೇರಿಲ್ಲದೆ ನಿಂತಿತು ಎಂದೇ ಲೆಕ್ಕ. ಆಗ ಕ್ಲೀನರ್ ಜಿಗಿದು ಹಿಂದಿನ ಗಾಲಿಗೆ ಮರದ ತುಂಡು ಕೊಡಬೇಕು. ಡ್ರೈವರಣ್ಣ ಆರು ವರ್ಷ ಮಾಡಿದ ಕೆಲಸ ಅದು. ಬಾಗಿಲ ಮೇಲೆ ಒಂದು ಕಾಲಿಟ್ಟು, ತುಂಡನ್ನು ಎದೆಗವಚಿಕೊಂಡು, ಎಂಜಿನ್ನಿನ ಶಬ್ದವನ್ನೇ ಕೇಳುತ್ತ ನಿಲ್ಲುವುದು.

"ಮೀಟರ್ ನೋಡಿ ಗೇರ್ ಹಾಕ್ಲಿಕ್ಕೆ ಆಗ್ತದಾ ಸಾರ್? ಕಿವಿ ಬೇಕು. ಎಂಜಿನ್ ಒಂದು ಸ್ವರ ಹೇಳ್ತದೆ, ಆಗ ಹಾಕ್ಬೇಕು. ನಾನು ಗೇರ್ ಕಲ್ತದ್ದು ಸ್ಟೇರಿಂಗಿನಲ್ಲಿ ಅಲ್ಲ, ಆ ಮರದ ತುಂಡು ಹಿಡ್ಕೊಂಡು."

ಇಳಿಜಾರು ಇನ್ನೂ ಕೆಟ್ಟದ್ದು. ಹಳೆಯ ಗಾಡಿಗಳಲ್ಲಿ ಬ್ರೇಕಿಗೆ ಬಲ ಕೊಡುತ್ತಿದ್ದುದು ನಿರ್ವಾತ, ಅಂದರೆ ವ್ಯಾಕ್ಯೂಮ್. ಪೆಟ್ರೋಲ್ ಎಂಜಿನ್ನಿನಲ್ಲಿ ಅದು ತಾನಾಗಿ ಸಿಗುತ್ತದೆ, ಡೀಸೆಲ್ಲಿಗಾದರೆ ಎಂಜಿನ್ನಿನಿಂದಲೇ ತಿರುಗುವ ಪಂಪು ಬೇಕು. ಎಂಜಿನ್ ನಿಂತರೆ ಪಂಪೂ ನಿಂತಿತು, ತೊಟ್ಟಿಯಲ್ಲಿ ಉಳಿದ ನಿರ್ವಾತದಲ್ಲಿ ನಾಲ್ಕಾರು ಸಲ ಬ್ರೇಕ್ ಹಿಡಿಯಬಹುದು, ಆಮೇಲೆ ದೇವರೇ ಗತಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ ಘಾಟಿ ಇಳಿಸುವವರನ್ನು ಡ್ರೈವರಣ್ಣ ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎನ್ನುವುದು ಅವರ ವೇದ. ಏರ್ ಬ್ರೇಕು, ಪವರ್ ಸ್ಟೇರಿಂಗು ಲೇಲ್ಯಾಂಡಿನಲ್ಲಿ ಬಂದದ್ದು 1960ರ ದಶಕದ ಕೊನೆಗೆ. ಬಂದ ಮೇಲೂ ಹಳೆ ಗಾಡಿಗಳು ಇಪ್ಪತ್ತು ವರ್ಷ ಓಡಿದವು. ಅವರ ಬಲ ಭುಜ ಎಡ ಭುಜಕ್ಕಿಂತ ಒಂದು ಬೆರಳು ಕೆಳಗಿತ್ತು. "ಇದು ಸ್ಟೇರಿಂಗ್ ಕೊಟ್ಟ ಪೆನ್ಶನ್ನು" ಎಂದು ತೋರಿಸಿ ನಗುತ್ತಿದ್ದರು.

ಟಾಟಾದವರು 1954ರಲ್ಲಿ ಬೆಂಜ್ ಲಾರಿ ತಂದ ಮೇಲೆ ಡ್ರೈವರುಗಳಲ್ಲಿ ಎರಡು ಪಂಗಡವಾಯಿತು. ಬೆಂಜ್ ಹಗುರ, ಡೀಸೆಲ್ ಕಡಿಮೆ ಸಾಕು ಎಂದು ಒಂದು ಪಂಗಡ. ಲೋಡು ಎಳೆಯುವುದಾದರೆ ಲೇಲ್ಯಾಂಡೇ ಎಂದು ಇನ್ನೊಂದು. ಈ ಜಗಳವನ್ನು ನಾನು ಮಣ್ಣಡಿಯ ಚಾದಂಗಡಿಗಳಲ್ಲಿ ಕನ್ನಡ, ತಮಿಳು, ತುಳು, ಮಲಯಾಳ ನಾಲ್ಕೂ ಭಾಷೆಯಲ್ಲಿ ಕೇಳಿದ್ದೇನೆ.

ಇನ್ನು ನಾನು ಹೇಳಬೇಕಾದ ಮಾತೊಂದಿದೆ. 1986ರಲ್ಲಿ ಡ್ರೈವರಣ್ಣ ಶಾಖೆಗೆ ಬಂದರು, ಕೈಯಲ್ಲಿ ಅಕ್ಕಿ ಮೂಟೆ ಇರಲಿಲ್ಲ. ಅವರು ಬಿಡುತ್ತಿದ್ದ ಹನ್ನೆರಡು ವರ್ಷದ ಕಾಮೆಟನ್ನು ಮಾಲೀಕರು ಮಾರುವವರಿದ್ದರು. ತಾವೇ ಕೊಳ್ಳಬೇಕು, ಸಾಲ ಬೇಕು. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಸಣ್ಣ ಸಾರಿಗೆದಾರರಿಗೆ ಸಾಲ ಕೊಡುವುದು ಆದ್ಯತೆಯ ಕೆಲಸವೇ ಆಗಿತ್ತು. ಡ್ರೈವರೇ ಮಾಲೀಕನಾಗಲಿ ಎನ್ನುವುದೇ ಅದರ ಉದ್ದೇಶ. ಆದರೆ ನಮ್ಮ ಬ್ಯಾಂಕಿನ ನಿಯಮದಲ್ಲಿ ಅಷ್ಟು ಹಳೆಯ ಗಾಡಿಗೆ ಜಾಗವಿರಲಿಲ್ಲ. ನಾನು ಎಂ.ಕಾಂ. ಓದಿದವನು. ಸವಕಳಿ ಲೆಕ್ಕ ಹಾಕಿದೆ, ಗಾಡಿಯ ಬೆಲೆ ಸೊನ್ನೆಯ ಹತ್ತಿರ ಬಂತು.

"ಒಮ್ಮೆ ಬಂದು ಅದರ ಶಬ್ದ ಕೇಳಿ ಸಾರ್. ಎಂಜಿನ್ ಕೆಲಸ ನಾನೇ ನಿಂತು ಮಾಡಿಸಿದ್ದು" ಎಂದರು. ಮೇಲಿನವರಿಗೆ ವಿಶೇಷ ಮಂಜೂರಾತಿಗೆ ಬರೆಯುವ ದಾರಿ ಇತ್ತು. ಬರೆಯಲು ಪರಿಶೀಲನಾ ವರದಿ ಬೇಕು, ವರದಿಗೆ ಹೋಗಿ ನೋಡಬೇಕು. ಅದು ಮಾರ್ಚ್ ತಿಂಗಳು, ಲೆಕ್ಕ ಮುಗಿಸುವ ಗಡಿಬಿಡಿ. ನಾನು ಹೋಗಲಿಲ್ಲ. 'ಶಿಫಾರಸು ಮಾಡಲಾಗದು' ಎಂದು ಬರೆದು ಸಹಿ ಹಾಕಿದೆ. ಅವರು ಖಾಸಗಿಯವರಲ್ಲಿ ಹೆಚ್ಚು ಬಡ್ಡಿಗೆ ಸಾಲ ಮಾಡಿ ಅದೇ ಲಾರಿ ಕೊಂಡರು. ಎರಡು ವರ್ಷ ಓಡಿಸಿದರು. ಒಂದು ಮಳೆಗಾಲ ಘಾಟಿ ಕುಸಿದು ಬಾಡಿಗೆ ನಿಂತಾಗ ಕಂತು ತಪ್ಪಿತು, ಸಾಲ ಕೊಟ್ಟವರು ಗಾಡಿ ಎಳೆದುಕೊಂಡು ಹೋದರು. ಗಾಡಿ ಅವರ ಕೈಯಲ್ಲಿ ಒಂದು ದಿನವೂ ಕೆಟ್ಟು ನಿಂತಿರಲಿಲ್ಲ. ಅದನ್ನು ಹರಾಜಿನಲ್ಲಿ ಕೊಂಡವರು ಮತ್ತೆ ಏಳು ವರ್ಷ ಓಡಿಸಿದರು. ನನ್ನ ಸೊನ್ನೆ ಎಷ್ಟು ಸರಿ ನೋಡಿ!

ಡ್ರೈವರಣ್ಣ ಮತ್ತೆ ಸಂಬಳದ ಡ್ರೈವರಾದರು, ಕಡೆಗೆ ಒಂದು ಲಾರಿ ಶೆಡ್ಡಿನಲ್ಲಿ ಕಾವಲುಗಾರರಾದರು. ನನ್ನ ಮೇಲೆ ಅವರು ಒಂದು ಕಠಿಣ ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಹಪ್ಪಳದ ಕಟ್ಟು ಮೊದಲಿನ ಹಾಗೆಯೇ ಬರುತ್ತಿತ್ತು, ತಂದುಕೊಡುವವರು ಮಾತ್ರ ಬೇರೆ ಯಾರೋ ಆಗಿದ್ದರು. ಭಾನುವಾರಗಳಲ್ಲಿ ನಾನು ಶೆಡ್ಡಿಗೆ ಹೋಗಿ ಕೂರುತ್ತಿದ್ದೆ. ಮೇಲೆ ಬರೆದದ್ದೆಲ್ಲ ಆ ಭಾನುವಾರಗಳ ಸಂಪಾದನೆ. 2011ರಲ್ಲಿ ಅವರು ತೀರಿಕೊಂಡರು.

2022ರಲ್ಲಿ ನಾನೂ ನನ್ನ ಹೆಂಡತಿಯೂ ಮ್ಯಾಂಚೆಸ್ಟರಿನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಎಲ್ಲರೂ ನೋಡುವ ಊರುಗಳನ್ನು ನೋಡಿಯಾದ ಮೇಲೆ ಲೇಲ್ಯಾಂಡಿಗೆ ಕರಕೊಂಡು ಹೋಗು ಎಂದೆ. ಮಗನಿಗೆ ಆಶ್ಚರ್ಯ. ಅಲ್ಲಿ ಬ್ರಿಟಿಷ್ ಲಾರಿ, ಬಸ್ಸುಗಳ ಮ್ಯೂಸಿಯಂ ಇದೆ. ನಿವೃತ್ತರು ಸ್ವಯಂಸೇವಕರಾಗಿ ಗಾಡಿಗಳನ್ನು ತೋರಿಸುತ್ತಾರೆ. ಬೀವರ್, ಹಿಪ್ಪೊ, ಎಂಟು ಗಾಲಿಯ ಆಕ್ಟೋಪಸ್ ಹೀಗೆ ಪ್ರಾಣಿಗಳ ಹೆಸರು ಲೇಲ್ಯಾಂಡ್ ಗಾಡಿಗಳಿಗೆ. ಲಾರಿ ಬಿಟ್ಟು ಅನುಭವವಿದ್ದ ಒಬ್ಬ ಮುದುಕರು ನಮ್ಮ ಜೊತೆ ಬಹಳ ಹೊತ್ತು ಮಾತಾಡಿದರು. ಅಲ್ಲಿಂದ ಉತ್ತರಕ್ಕೆ ಹೋಗುವ ದಾರಿಯಲ್ಲಿ ಶ್ಯಾಪ್ ಎಂಬ ಬೆಟ್ಟವಿದೆ, ಸುಮಾರು 1,400 ಅಡಿ ಎತ್ತರಕ್ಕೆ ಏರುವ ರಸ್ತೆ. 1970ರಲ್ಲಿ ಮೋಟಾರ್ ವೇ ಆಗುವವರೆಗೆ ಸ್ಕಾಟ್ಲೆಂಡಿಗೆ ಹೋಗುವ ಲಾರಿಗಳೆಲ್ಲ ಚಳಿಗಾಲದ ಹಿಮದಲ್ಲೂ ಅದನ್ನೇ ಹತ್ತಬೇಕು. ಕ್ಯಾಬಿನ್ನಿನಲ್ಲಿ ಬಿಸಿಗಾಳಿ ಇಲ್ಲ, ಕಾಲಿಗೆ ಗೋಣಿ ಸುತ್ತಿಕೊಳ್ಳುತ್ತಿದ್ದೆವು ಎಂದರು. ಭಾರಿ ಲಾರಿಗಳಿಗೆ ಕಾನೂನಿನ ವೇಗಮಿತಿ 1957ರವರೆಗೆ ಗಂಟೆಗೆ 20 ಮೈಲಿ ಮಾತ್ರ. ಗೇರಿನ ವಿಷಯ ಬಂದಾಗ ಅವರು ಏನೂ ಹೇಳದೆ ಒಂದು ಬೆರಳನ್ನು ಕಿವಿಗೆ ಮುಟ್ಟಿಸಿದರು. ನನಗೆ ಕಣ್ಣು ತುಂಬಿ ಬಂತು. ಮಗ ಏನೆಂದು ಕೇಳಿದ, ಧೂಳು ಅಂದೆ.

ಆ ಊರಿನ ಕಂಪನಿಯ ಕಥೆಯೂ ಸುಖದ್ದಲ್ಲ. 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಎಂಬ ದೊಡ್ಡ ಸಂಸಾರವಾಯಿತು, 1975ರಲ್ಲಿ ಸರ್ಕಾರ ಕೈಗೆತ್ತಿಕೊಂಡಿತು, ಲಾರಿ ವಿಭಾಗ 1987ರಲ್ಲಿ ಡಚ್ಚರ ಡಾಫ್ ಜೊತೆ ಸೇರಿತು. 1998ರಿಂದ ಅದು ಅಮೆರಿಕದ ಕಂಪನಿಯೊಂದರ ಒಡೆತನದಲ್ಲಿದೆ, ಅಲ್ಲಿ ತಯಾರಾಗುವ ಲಾರಿಗಳ ಮೇಲಿರುವುದು ಡಾಫ್ ಹೆಸರು. ಲೇಲ್ಯಾಂಡ್ ಎಂಬ ಹೆಸರು ಹೊಸ ಲಾರಿಯ ಹಣೆಯ ಮೇಲೆ ಕಾಣಬೇಕಾದರೆ ನಮ್ಮ ರಸ್ತೆಗೇ ಬರಬೇಕು. 1980ರಲ್ಲಿ ನಮ್ಮ ಗಡಿಯ ಹೊಸೂರಿನಲ್ಲೂ ಅದರ ಕಾರ್ಖಾನೆ ಬಂತು.

ಈಗ ಗೇರು ಬೆರಳಲ್ಲಿ ಬೀಳುತ್ತದೆ. 2025ರ ಅಕ್ಟೋಬರಿನಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಎಂದು ಸರ್ಕಾರ ನಿಯಮ ಮಾಡಿತು. ಪತ್ರಿಕೆಯಲ್ಲಿ ಅದನ್ನು ಓದಿದಾಗ ಮರದ ಪೆಟ್ಟಿಗೆಯ ಮೇಲೆ ಟವೆಲ್ ಸುತ್ತಿ ಕೂತವರೂ, ಮರದ ತುಂಡು ಹಿಡಿದು ನಿಂತ ಹದಿನಾಲ್ಕರ ಹುಡುಗನೂ ಕಣ್ಣ ಮುಂದೆ ಬಂದರು. ಊರಲ್ಲಿರುವ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಓಣಿಯಲ್ಲಿ, ನಿಮ್ಮ ಮನೆಯಲ್ಲೇ ಒಂದು ಭುಜ ಕೆಳಗಾದ ಹಳೆಯ ಡ್ರೈವರೊಬ್ಬರು ಇರಬಹುದು. ಹತ್ತಿರ ಹೋಗಿ ಕೂತು, ಯಾವ ಗಾಡಿ ಬಿಡುತ್ತಿದ್ದಿರಿ, ಘಾಟಿಯಲ್ಲಿ ಗೇರು ಹೇಗೆ ಹಾಕುತ್ತಿದ್ದಿರಿ ಎಂದು ಕೇಳಿ. ಕರೆದಾಗ ನಾನು ಹೋಗಲಿಲ್ಲ, ನೀವು ಕರೆಯದಿದ್ದರೂ ಹೋಗಿ.