ಅಸಿಸಿಯ ವರ್ತಕನ ಮಗ

ಸಂತ ಫ್ರಾನ್ಸಿಸನೆಂದರೆ ಹಕ್ಕಿಗಳಿಗೆ ಉಪದೇಶ ಮಾಡಿದ ಸಾಧು ಎಂಬಷ್ಟೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ಚಿತ್ರಪಟಗಳಲ್ಲಿ ಆತನ ಹೆಗಲ ಮೇಲೋ ಕೈಯ ಮೇಲೋ ಒಂದು ಹಕ್ಕಿ ಕುಳಿತೇ ಇರುತ್ತದೆ. ಚಿತ್ರ ಸೊಗಸಾದುದೇ. ಆದರೆ ಅದರ ಹಿಂದಿನ ಮನುಷ್ಯ ಅಷ್ಟು ಮೆತ್ತನೆಯವನಲ್ಲ. ಆತ ಬಟ್ಟೆ ವರ್ತಕನ ಮಗ; ಯುದ್ಧಕ್ಕೆ ಹೋಗಿ ಸೆರೆ ಸಿಕ್ಕಿದವನು. ಅಂಗಡಿಯನ್ನೂ ಆಯುಧವನ್ನೂ ಒಳಗಿನಿಂದ ಬಲ್ಲವನಾದುದರಿಂದಲೇ ದೇವರಿಗಾಗಿ ಏನನ್ನು ಬಿಡಬೇಕು, ಏನನ್ನು ಬಿಡಬೇಕಾಗಿಲ್ಲ ಎಂಬುದು ಆತನಿಗೆ ಅಷ್ಟು ನಿಚ್ಚಳವಾಗಿ ಕಂಡಿತೆಂದು ತೋರುತ್ತದೆ.

ಅಸಿಸಿ ಇಟಲಿಯ ಉಂಬ್ರಿಯ ಪ್ರಾಂತದ ಒಂದು ಬೆಟ್ಟದೂರು. ಅಲ್ಲಿ ೧೧೮೧ರಲ್ಲೋ ೧೧೮೨ರಲ್ಲೋ ಆತ ಹುಟ್ಟಿದಾಗ ತಂದೆ ಪಿಯೆತ್ರೋ ಬೆರ್ನರ್ದೋನೆ ವ್ಯಾಪಾರಕ್ಕೆಂದು ಫ್ರಾನ್ಸಿಗೆ ಹೋಗಿದ್ದನಂತೆ. ಮಗುವಿಗೆ ಇಟ್ಟಿದ್ದ ಹೆಸರು ಜೊವಾನ್ನಿ. ಹಿಂದಿರುಗಿದ ತಂದೆ ಅದನ್ನು ಫ್ರಾಂಚೆಸ್ಕೊ ಎಂದು ಮಾರ್ಪಡಿಸಿದ. ಇಟಲಿಯ ಊರುಗಳಲ್ಲಿ ಹಣದ ಬಲ ಹೆಚ್ಚುತ್ತಿದ್ದ ಕಾಲವದು. ಕೋಟೆಯ ಪ್ರಭುಗಳಿಗೆ ಸರಿಸಮನಾಗಿ ನಿಲ್ಲುವೆವೆಂಬ ಹುಮ್ಮಸ್ಸು ವರ್ತಕರಲ್ಲಿ. ಮಗ ಆ ಹುಮ್ಮಸ್ಸಿನ ಕೂಸು. ಒಳ್ಳೆಯ ಉಡುಪು, ಗೆಳೆಯರ ಕೂಟ, ಔತಣ, ರಾತ್ರಿ ಬೀದಿಯಲ್ಲಿ ಹಾಡು. ಖರ್ಚಿಗೆ ಅಪ್ಪನ ಚೀಲ. ೧೨೦೨ರಲ್ಲಿ ನೆರೆಯ ಪೆರೂಜಿಯದೊಡನೆ ಯುದ್ಧವಾಯಿತು; ಅಸಿಸಿ ಸೋತಿತು; ಫ್ರಾನ್ಸಿಸ್ ಸುಮಾರು ಒಂದು ವರ್ಷ ಸೆರೆಯಲ್ಲಿ ಕಳೆದ. ಬಿಡುಗಡೆಯಾದ ಮೇಲೆ ದೀರ್ಘವಾದ ಕಾಯಿಲೆ. ಎದ್ದು ಬಂದವನಿಗೆ ಹಳೆಯ ಸಂತೋಷಗಳು ರುಚಿಸಲಿಲ್ಲ.

ರುಚಿ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಸಾಯುವ ವರ್ಷ, ೧೨೨೬ರಲ್ಲಿ, ಆತ ಒಂದು ಉಯಿಲು ಬರೆಯಿಸಿದ. ಬಿಟ್ಟುಹೋಗಲು ಆಸ್ತಿಯೇನೂ ಇಲ್ಲದವನ ಉಯಿಲು! ಅದರಲ್ಲಿ ತನ್ನ ಪರಿವರ್ತನೆಯನ್ನು ಆತ ವಿವರಿಸುವುದು ದರ್ಶನಗಳಿಂದಲ್ಲ, ತರ್ಕದಿಂದಲೂ ಅಲ್ಲ. ಕುಷ್ಠರೋಗಿಗಳನ್ನು ಕಂಡರೆ ತನಗೆ ತೀರ ಕಹಿಯಾಗುತ್ತಿತ್ತು, ದೇವರೇ ತನ್ನನ್ನು ಅವರ ನಡುವೆ ಕರೆದೊಯ್ದ, ಅವರ ಸೇವೆ ಮಾಡಿ ಹೊರಟಾಗ ಆ ಕಹಿಯೇ ದೇಹಕ್ಕೂ ಆತ್ಮಕ್ಕೂ ಸಿಹಿಯಾಗಿತ್ತು ಎಂದಷ್ಟೇ ಆತ ಹೇಳುತ್ತಾನೆ. ಭೋಗವನ್ನು ಬಿಟ್ಟು ಭಕ್ತಿಯನ್ನು ಹಿಡಿದನೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆತನ ಲೆಕ್ಕದಲ್ಲಿ ನಡೆದದ್ದು ನಾಲಗೆಯ ಬದಲಾವಣೆ.

ತಂದೆಗೆ ಇದಾವುದೂ ಅರ್ಥವಾಗಲಿಲ್ಲ. ಮಗ ಅಂಗಡಿಯ ಬಟ್ಟೆಯನ್ನು ಫೋಲಿಞ್ಯೋ ಊರಿಗೆ ಒಯ್ದು, ಹತ್ತಿದ ಕುದುರೆಯನ್ನೂ ಸೇರಿಸಿ ಮಾರಿ, ಸಾನ್ ದಾಮಿಯಾನೋ ಎಂಬ ಮುರುಕು ಗುಡಿಯ ದುರಸ್ತಿಗೆ ಹಣ ಕೊಡಲು ಹೋದ. ಅಲ್ಲಿಯ ಪಾದ್ರಿ ಹೆದರಿ ಮುಟ್ಟಲಿಲ್ಲ. ದೂರು ಬಿಷಪ್ ಗುಯಿದೋನ ಮುಂದೆ ಬಂತು. ೧೨೦೬ರ ಆ ವಿಚಾರಣೆಯಲ್ಲಿ ಮಗ ಹಣವನ್ನು ಹಿಂದಿರುಗಿಸಿ, ಮೈಮೇಲಿನ ಬಟ್ಟೆಗಳನ್ನೂ ಕಳಚಿ ತಂದೆಯ ಮುಂದಿಟ್ಟು, ಇನ್ನು ತನಗೆ ಪರಲೋಕದ ತಂದೆಯೊಬ್ಬನೇ ಎಂದು ಸಾರಿದ. ಬಿಷಪ್ ತನ್ನ ನಿಲುವಂಗಿಯನ್ನು ಹೊದಿಸಿ ಆತನ ಮಾನ ಮುಚ್ಚಿದ. ಬಟ್ಟೆ ಮಾರುವವನ ಮಗ ಬಟ್ಟೆಯನ್ನೇ ಹಿಂದಿರುಗಿಸಿದನೆಂಬ ಮೊನೆಯನ್ನು ಊರವರು ಗಮನಿಸದೆ ಇದ್ದಿರಲಾರರು. ಪಿಯೆತ್ರೋನ ಬಗ್ಗೆ ಕಥೆಗಾರರು ಕಟುವಾಗಿದ್ದಾರೆ. ನನಗಾದರೋ ಆ ಬಟ್ಟೆಯ ಗಂಟನ್ನು ಎತ್ತಿಕೊಂಡು ಮನೆಗೆ ನಡೆದ ಅಪ್ಪನ ಮೇಲೂ ಕನಿಕರ ಹುಟ್ಟುತ್ತದೆ.

ಸಂಗಡಿಗರು ಬಂದು ಸೇರಿದರು. ಆಸ್ತಿಯಿಲ್ಲದ ಈ ಬಾಳು ಬಹಳ ಕಠಿನವಲ್ಲವೆ ಎಂದು ಬಿಷಪ್ ಕೇಳಿದಾಗ ಫ್ರಾನ್ಸಿಸ್ ಕೊಟ್ಟ ಉತ್ತರದಲ್ಲಿ ಅವನ ತತ್ತ್ವವೆಲ್ಲ ಅಡಗಿದೆ: ಆಸ್ತಿಯಿದ್ದರೆ ಅದನ್ನು ಕಾಯಲು ಆಯುಧ ಬೇಕಾಗುತ್ತದೆ, ಜಗಳವೂ ವ್ಯಾಜ್ಯವೂ ಹುಟ್ಟುವುದು ಅಲ್ಲಿಂದಲೇ, ಅವು ದೇವರ ಪ್ರೀತಿಗೂ ನೆರೆಯವನ ಪ್ರೀತಿಗೂ ಅಡ್ಡ ಬರುತ್ತವೆ ಎಂದು. ಪೆರೂಜಿಯದ ಸೆರೆಯನ್ನು ಉಂಡವನ ಮಾತಿದು. ೧೨೦೯ರ ಸುಮಾರಿಗೆ ಆತ ರೋಮಿಗೆ ಹೋಗಿ ಪೋಪ್ ಮೂರನೆಯ ಇನೊಸೆಂಟನ ಬಾಯಿಮಾತಿನ ಒಪ್ಪಿಗೆ ಪಡೆದ. ಸೋದರರು ದುಡಿಯಬಹುದು, ದುಡಿಮೆಗೆ ಪ್ರತಿಯಾಗಿ ಅನ್ನ ಪಡೆಯಬಹುದು. ಹಣ ಮಾತ್ರ ಮುಟ್ಟಬಾರದು. ತಂಗಲು ಪೋರ್ಸಿಯುಂಕುಲ ಎಂಬ ಪುಟ್ಟ ಗುಡಿಯನ್ನು ಬೆನೆಡಿಕ್ಟ್ ಪಂಥದ ಸನ್ಯಾಸಿಗಳು ಬಿಟ್ಟುಕೊಟ್ಟರು. ಅದು ತಮ್ಮದೆಂದು ಯಾರೂ ತಿಳಿಯದಿರಲಿ ಎಂದು ಫ್ರಾನ್ಸಿಸ್ ವರ್ಷಕ್ಕೊಂದು ಬುಟ್ಟಿ ಮೀನನ್ನು ಬಾಡಿಗೆಯಾಗಿ ಕಳುಹಿಸುತ್ತಿದ್ದ.

ಪುಸ್ತಕದ ವಿಷಯದಲ್ಲೂ ಆತ ಬಿಗಿ. ಹೊಸಬನೊಬ್ಬ ಕೀರ್ತನೆಗಳ ಪುಸ್ತಕ ಬೇಕೆಂದು ಕೇಳಿದ. ಇವತ್ತು ಇದು, ನಾಳೆ ನಿತ್ಯಪ್ರಾರ್ಥನೆಯ ದೊಡ್ಡ ಗ್ರಂಥ, ಆಮೇಲೆ ಪೀಠದ ಮೇಲೆ ಕುಳಿತು ‘ನನ್ನ ಗ್ರಂಥ ತಾ’ ಎಂದು ಇನ್ನೊಬ್ಬನಿಗೆ ಅಪ್ಪಣೆ ಮಾಡುವೆ ಎಂದ ಫ್ರಾನ್ಸಿಸ್. ಪುಸ್ತಕ ಕೂಡಿಡುವ ನಮ್ಮಂಥವರು ಇಲ್ಲಿ ಸ್ವಲ್ಪ ತಲೆ ತಗ್ಗಿಸಬೇಕು.

ಇಷ್ಟಾದರೂ ಆತನನ್ನು ವಿರಾಗಿಯೆಂದು ಕರೆಯಲು ಮನಸ್ಸು ಹಿಂಜರಿಯುತ್ತದೆ. ಸೂರ್ಯ, ನೀರು, ಬೆಂಕಿಗಳ ಮೇಲೆ ಅಷ್ಟೊಂದು ರಾಗವುಳ್ಳವನಿಗೆ ಆ ಪದ ಒಗ್ಗದು. ಕ್ರಿಸ್ತಜಯಂತಿಯ ದಿನ ಗೋಡೆಗಳಿಗೂ ಮಾಂಸದೂಟ ಆಗಬೇಕು, ತಿನ್ನಲಾರವಾದರೆ ಮೇಲಾದರೂ ಸವರಿ ಎಂದವನು ಆತ. ಕಣ್ಣು ಹೆಚ್ಚುಕಡಿಮೆ ಹೋಗಿ, ವೈದ್ಯರು ಕಾದ ಕಬ್ಬಿಣದಿಂದ ಸುಟ್ಟು ಚಿಕಿತ್ಸೆ ಮಾಡಿದ ಕಾಲದಲ್ಲೇ, ೧೨೨೫ರಲ್ಲಿ, ಸೃಷ್ಟಿಯೆಲ್ಲ ದೇವರನ್ನು ಸ್ತುತಿಸುವ ಹಾಡನ್ನು ಲ್ಯಾಟಿನಿನಲ್ಲಲ್ಲದೆ ಊರಿನ ಆಡುಮಾತಿನಲ್ಲಿ ಕಟ್ಟಿದ. ಉಪವಾಸದಿಂದ ನವೆಸಿದ ತನ್ನ ದೇಹವನ್ನು ‘ಸೋದರ ಕತ್ತೆ’ ಎಂದು ಕರೆಯುತ್ತಿದ್ದವನು ಕೊನೆಗೆ ಅದರ ಕ್ಷಮೆಯನ್ನೂ ಕೇಳಿದನಂತೆ. ಮರಣಶಯ್ಯೆಯಲ್ಲಿ ರೋಮಿನ ಕುಲೀನ ವಿಧವೆ ಜಾಕೋಪಾಳಿಗೆ ಕಾಗದ ಬರೆಯಿಸಿದ: ಹೊದಿಸಲು ಬೂದುಬಣ್ಣದ ಬಟ್ಟೆ ತರಬೇಕು, ಹಿಂದೆ ಮಾಡಿಕೊಡುತ್ತಿದ್ದ ಬಾದಾಮಿಯ ಸಿಹಿತಿಂಡಿಯನ್ನೂ ತರಬೇಕು. ಕಾಗದ ಹೊರಡುವ ಮೊದಲೇ ಆಕೆ ಎಲ್ಲವನ್ನೂ ತೆಗೆದುಕೊಂಡು ಬಂದು ನಿಂತಳೆಂದು ಕಥೆ. ಹೆಂಗಸರು ಒಳಗೆ ಬರಕೂಡದೆಂಬ ನಿಯಮವನ್ನು ಆಕೆಗಾಗಿ ಬದಿಗಿಟ್ಟು ‘ಸೋದರ ಜಾಕೋಪಾ’ ಎಂದು ಕರೆದ. ತಿಂಡಿಯನ್ನು ರುಚಿ ನೋಡುವಷ್ಟು ಮಾತ್ರ ತಿಂದ. ೧೨೨೬ರ ಅಕ್ಟೋಬರ್ ೩ರ ಸಂಜೆ ತೀರಿಕೊಂಡ.

ಆಮೇಲಿನದು ಅಷ್ಟು ಸಿಹಿಯಾದ ಕಥೆಯಲ್ಲ. ಆತ ಬದುಕಿದ್ದಾಗಲೇ ಬೊಲೋನ್ಯದಲ್ಲಿ ‘ಸೋದರರ ಮನೆ’ ಎಂದು ಹೆಸರಾದ ಕಟ್ಟಡವೊಂದಿತ್ತು. ಹೆಸರು ಕಿವಿಗೆ ಬಿದ್ದೊಡನೆ ರೋಗಿಗಳೂ ಸೇರಿ ಎಲ್ಲರೂ ಹೊರಬರಬೇಕೆಂದು ಫ್ರಾನ್ಸಿಸ್ ಆಜ್ಞಾಪಿಸಿದ. ಕಾರ್ಡಿನಲ್ ಉಗೋಲಿನೋ ಆ ಮನೆ ತನ್ನದೆಂದು ಬಹಿರಂಗವಾಗಿ ಸಾರಿದ ಮೇಲೆ ಅವರು ಒಳಗೆ ಹೋದರು. ಒಡೆತನ ಇನ್ನೊಬ್ಬರದು, ಉಪಯೋಗ ನಮ್ಮದು ಎಂಬ ಉಪಾಯದ ಬೀಜ ಅಲ್ಲಿದೆ. ಉಗೋಲಿನೋ ಒಂಬತ್ತನೆಯ ಗ್ರೆಗೊರಿಯಾಗಿ ಪೋಪನಾದ. ೧೨೨೮ರಲ್ಲಿ ಫ್ರಾನ್ಸಿಸನನ್ನು ಸಂತನೆಂದು ಘೋಷಿಸಿ, ಮರುದಿನವೇ ಅಸಿಸಿಯಲ್ಲಿ ಮಹಾದೇವಾಲಯಕ್ಕೆ ಅಡಿಗಲ್ಲಿಟ್ಟ. ೧೨೩೦ರಲ್ಲಿ ಆ ಉಯಿಲು ಸೋದರರನ್ನು ಕಟ್ಟುವುದಿಲ್ಲವೆಂದು ತೀರ್ಪಿತ್ತ. ೧೨೪೫ರಲ್ಲಿ ನಾಲ್ಕನೆಯ ಇನೊಸೆಂಟ್ ಅವರ ಬಳಕೆಯ ವಸ್ತುಗಳೆಲ್ಲ ಪೋಪನ ಪೀಠದ ಸ್ವತ್ತು ಎಂದು ಸಾರಿದ. ಮಠಗಳು ಬೆಳೆದವು, ಕಣಜಗಳು ತುಂಬಿದವು. ಕಾಗದದ ಮೇಲೆ ಸೋದರರು ನಿರ್ಗತಿಕರೇ.

ಇದನ್ನು ಒಪ್ಪದವರೂ ಇದ್ದರು. ತುಂಡು ನಿಲುವಂಗಿ ತೊಟ್ಟು, ದವಸ ಕೂಡಿಡಲಾರೆವೆಂದು ಹಟ ಹಿಡಿದವರಲ್ಲಿ ನಾಲ್ವರನ್ನು ೧೩೧೮ರಲ್ಲಿ ಮಾರ್ಸೇಲ್ಸಿನಲ್ಲಿ ಸುಟ್ಟರು. ೧೩೨೨ರಲ್ಲಿ ಪೋಪ್ ಇಪ್ಪತ್ತೆರಡನೆಯ ಜಾನ್ ಆ ಕಾಗದದ ಒಡೆತನವೂ ತನಗೆ ಬೇಡವೆಂದ. ಸೋದರನೊಬ್ಬ ತಿಂದು ಮುಗಿಸಿದ ಮೊಟ್ಟೆಗೆ, ಗಿಣ್ಣಿಗೆ ರೋಮಿನ ಪೀಠ ಒಡೆಯನಾಗುವುದು ಹೇಗೆ ಎಂಬುದು ಆತನ ವಾದ. ನ್ಯಾಯಶಾಸ್ತ್ರದ ಮಟ್ಟಿಗೆ ಆತನ ಪ್ರಶ್ನೆ ತಪ್ಪಲ್ಲವೆಂದೇ ನನಗೆ ಕಾಣುತ್ತದೆ. ಮರುವರ್ಷ, ಕ್ರಿಸ್ತನಿಗೂ ಅವನ ಶಿಷ್ಯರಿಗೂ ಒಡೆತನವೇ ಇರಲಿಲ್ಲವೆಂದು ಹಟ ಹಿಡಿದು ಸಾಧಿಸುವುದು ಪಾಷಂಡವೆಂದು ಆತ ಸಾರಿದ.

ಪೋರ್ಸಿಯುಂಕುಲ ಇಂದಿಗೂ ಇದೆ. ಹದಿನಾರನೆಯ ಶತಮಾನದಲ್ಲಿ, ೧೫೬೯ರಲ್ಲಿ, ಅದನ್ನು ಒಳಗಿಟ್ಟುಕೊಂಡು ಇನ್ನೊಂದು ದೊಡ್ಡ ದೇವಾಲಯವನ್ನು ಕಟ್ಟತೊಡಗಿದರು. ಮುಗಿಯಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಎತ್ತರದ ಗುಮ್ಮಟದ ಕೆಳಗೆ ಆ ಕಲ್ಲಿನ ಗುಡಿ ಮನೆಯೊಳಗೊಂದು ಪುಟ್ಟ ಮನೆಯಂತೆ ನಿಂತಿದೆ.